ಬರುವ ಗಾಡಿಗೆ ಮುಖ ಮಾಡಿ ನಿಂತ ಕಾಕಾ

ಕಳೆದ ತಿಂಗಳು, ಕಾಕಾ ಕೆಲವು ದಿನಕ್ಕೆಂದು ಹೋಗಿದ್ದ ಸೊಲ್ಲಾಪುರದಿಂದ, ಅವರ ಮಗಳು ಫೋನು ಮಾಡಿ, "ಮಾಮಾ, ಅಬ್ಬಾ ಹೋದ್ರು" ಅಂದಳು. ನನ್ನ ಬಾಯಿಂದ ಬಂದ ಮೊದಲ ಮಾತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, "ರಸ್ತೇದಾಗೇನವಾ?" ಎಂಬುದಾಗಿತ್ತು. ಆಕೆ, "ಇಲ್ರಿ ಮಾಮಾ, ಹಾಸಿಗ್ಯಾಗ. ಮುಂಜಾನೆ ಚಾ ಒಯ್ದೆ, ಏಳಲೇ ಇಲ್ಲ" ಅಂದಳು. ನಾನು "ಛಲೋ ಆತು" ಅಂದುಬಿಟ್ಟೆ. ಅದನ್ನು ತಿದ್ದಲು ಹೋಗಿ ಇನ್ನೂ ನಾಲ್ಕು ತಪ್ಪು ಮಾತಾಡಿದೆ. ಫೋನು ಇಟ್ಟ ಮೇಲೆ ಹೆಂಡತಿ ಒಳಗಿನಿಂದಲೇ, "ಸತ್ತವರ ಮನೀಗೆ ಛಲೋ ಆತು ಅನ್ನೋರು ನೀವೊಬ್ರ ನೋಡ್ರಿ" ಅಂದಳು.

ಆದರೆ ನನಗೆ ನಿಜಕ್ಕೂ ಸಮಾಧಾನವಾಗಿತ್ತು. ಕೊನೆಯ ಎರಡು ವರ್ಷ ನಾನು ಆ ಮನುಷ್ಯನ ಸಾವನ್ನು ಮನಸ್ಸಿನಲ್ಲಿ ಅದೆಷ್ಟು ಸಲ ನೋಡಿದ್ದೆನೋ. ಪ್ರತಿ ಸಲವೂ ಅದು ಜೋಗೇಶ್ವರಿಯಲ್ಲಿ ಅವರ ಅಂಗಡಿಯ ಮುಂದಿನ ಇಳಿಜಾರಿನ ತಿರುವಿನಲ್ಲೇ ಆಗುತ್ತಿತ್ತು. ಪ್ರತಿ ಸಲವೂ ಗಾಡಿ ಹಿಂದಿನಿಂದಲೇ ಬರುತ್ತಿತ್ತು. ಹಾಸಿಗೆಯಲ್ಲಿ, ಬೆಳಗಿನ ಚಹಾ ಪಕ್ಕದಲ್ಲಿ ಆರುತ್ತಿರುವಾಗ, ತಮ್ಮ ಪಾಡಿಗೆ ತಾವು ಹೋಗುತ್ತಾರೆಂದು ನಾನು ಎಣಿಸಿರಲೇ ಇಲ್ಲ. ನನ್ನ ಚಿಂತೆಗಳಲ್ಲಿ ಸುಳ್ಳಾದದ್ದು ತೀರ ಕಡಿಮೆ. ಇದೊಂದು ಸುಳ್ಳಾಯಿತಲ್ಲ ಎಂದು ಖುಷಿಪಡುವುದೂ ತಪ್ಪೇ?

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಅಂಗಡಿಯ ಮೇಲೂ ಅದು ಇರಲಿಲ್ಲ. ಸವೆದ ಲಾರಿ ಟಯರೊಂದರ ಮೇಲೆ ಬಿಳಿ ಬಣ್ಣದಲ್ಲಿ 'ಪಂಕ್ಚರ್' ಎಂದು ಹಿಂದಿಯಲ್ಲಿ ಬರೆದು, ಕೆಳಗೊಂದು ಬಾಣದ ಗುರುತು ಹಾಕಿದ್ದರು, ಅಷ್ಟೇ. ಬಾಗಲಕೋಟೆ ಕಡೆಯವರು. ಆ ರಸ್ತೆಯ ಹಿಂದಿಯವರಿಗೆ ಚಾಚಾ, ನನಗೆ ಮತ್ತು ಪಕ್ಕದ ಚಹಾದಂಗಡಿಯವನಿಗೆ ಕಾಕಾ. ಹೈವೇಯಿಂದ ಸರ್ವಿಸ್ ರೋಡಿಗೆ ಗಾಡಿಗಳು ಇಳಿಯುವ ತಿರುವಿನಲ್ಲಿ, ಫುಟ್‌ಪಾತಿಗೆ ಬೆನ್ನು ತಾಗಿಸಿಕೊಂಡಂತೆ ಅವರ ತಗಡಿನ ಅಂಗಡಿ. ಇಳಿಜಾರು, ಅದರ ಮೇಲೆ ತಿರುವು, ತಿರುವಿನ ಮೇಲೆ ಮಳೆಗಾಲ ಬಂದರೆ ಒಂದು ಹೊಂಡ. ಮನುಷ್ಯ ಬೀಳಲು ಬೇಕಾದ ಸಕಲ ಸೌಕರ್ಯವೂ ಅಲ್ಲಿತ್ತು.

ನಾನು ಅಲ್ಲಿಂದ ಸ್ವಲ್ಪ ಮುಂದೆ ರಟ್ಟಿನ ಡಬ್ಬಿ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಸುಪರ್‌ವೈಜರ್. ಮನೆ ಆಂಟಾಪ್ ಹಿಲ್. ವಡಾಲಾದಿಂದ ಲೋಕಲ್ ಹಿಡಿದು ಜೋಗೇಶ್ವರಿಯಲ್ಲಿ ಇಳಿದು, ಅಲ್ಲಿಂದ ನಡೆದು ಬರುವ ಇಪ್ಪತ್ತು ವರ್ಷದ ದಾರಿ. ಸ್ವಭಾವತಃ ಚಿಂತೆಗಾರ. ಗ್ಯಾಸಿನ ಗುಂಡಿ ಆರಿಸಿದೆನೋ ಇಲ್ಲವೋ ಎಂಬುದು ವಡಾಲಾದಿಂದ ಬಾಂದ್ರಾದವರೆಗಿನ ಚಿಂತೆ. ಬಾಂದ್ರಾ ದಾಟಿದರೆ ಬೇರೆ ಇರುತ್ತವೆ. ಮನೆಯಲ್ಲಿ ಫ್ಯಾನು ಕಳಚಿ ಬಿದ್ದರೆ ಎದೆಯ ಮೇಲೆ ಬೀಳಬಾರದೆಂದು ಮಂಚದಲ್ಲಿ ಓರೆಯಾಗಿ ಮಲಗುವವನು. "ನನ್ನ ಮ್ಯಾಲ ಬಿದ್ರ?" ಎಂದು ಹೆಂಡತಿ ಕೇಳಿದ ದಿನ ಮಂಚವನ್ನೇ ಸರಿಸಿದೆವು.

ಇಂಥವನು ಒಂದು ಮಳೆಗಾಲದ ಬೆಳಿಗ್ಗೆ ಆ ತಿರುವಿಗೆ ಬರುವಾಗ ಕಣ್ಣೆದುರಿಗೇ ಬೈಕಿನವನೊಬ್ಬ ಹೊಂಡಕ್ಕಿಳಿದು ಮಗುಚಿಬಿದ್ದ. ನಾನು ಓಡಿದೆ. ಧೈರ್ಯದಿಂದಲ್ಲ, ಗಾಬರಿಯಾದಾಗ ನನ್ನ ಕಾಲುಗಳು ನನ್ನನ್ನು ಕೇಳುವುದಿಲ್ಲ. ಕೈಯಲ್ಲಿ ಬಿಚ್ಚಿದ ಕೊಡೆ. ಮಳೆ ಬಲಗಡೆಯಿಂದ ಹೊಡೆಯುತ್ತಿತ್ತೆಂದು ಕೊಡೆಯನ್ನು ಬಲಕ್ಕೆ ವಾಲಿಸಿಕೊಂಡಿದ್ದೆ. ಗಾಡಿಗಳು ಬರುವುದೂ ಬಲಗಡೆಯಿಂದಲೇ. ಅಂದರೆ ನಾನು ಬರುವ ಗಾಡಿಗಳಿಗೆ ಕಪ್ಪು ಪರದೆ ಎಳೆದುಕೊಂಡು ಹೈವೇಗೆ ಇಳಿದಿದ್ದೆ. ಯಾರೋ ಹೆಗಲಚೀಲದ ಪಟ್ಟಿ ಹಿಡಿದು ಹಿಂದಕ್ಕೆ ಜಗ್ಗಿದರು. "ಅಯ್ಯೋ ಯಪ್ಪಾ" ಎಂದು ಫುಟ್‌ಪಾತಿನ ಮೇಲೆ ಅಂಗಾತ ಬಿದ್ದೆ. ಒಂದು ಟೆಂಪೋ ನನ್ನ ಕಾಲ ತುದಿಗೆ ನೀರು ಸಿಡಿಸುತ್ತ ಹೋಯಿತು.

"ಮಗಜ್ ಐತೇನ್ ಇಲ್ರಿ?" ಜಗ್ಗಿದವರು ಮೇಲಿನಿಂದ ಕೇಳಿದರು. ನನ್ನ ಅಯ್ಯೋ ಯಪ್ಪಾದಿಂದಲೇ ಅವರಿಗೆ ನನ್ನ ಊರಿನ ದಿಕ್ಕು ಸಿಕ್ಕಿತ್ತು. "ಒಬ್ಬಾಂವ ಬಿದ್ದಾನ. ನೀವು ಹೋಗಿ ಇಬ್ಬರ ಮಾಡ್ತೀರಿ. ಆಮ್ಯಾಲ ನಾ ಯಾರನ್ನ ಎತ್ತಲಿ?"

"ಅಲ್ರಿ, ಆ ಮನಷ್ಯಾ ಅಲ್ಲಿ ಬಿದ್ದಾನ..."

"ಬಿದ್ದಾಂವ ಎಲ್ಲೂ ಹೋಗಾಂಗಿಲ್ರಿ. ಬರಾಂವನ್ನ ನೋಡ್ರಿ ಮೊದ್ಲ."

ಹೀಗೆಂದು ಅವರು, ಬಿದ್ದವನ ಕಡೆ ತಿರುಗಿಯೂ ನೋಡದೆ, ಅಂಗಡಿಯ ಪಕ್ಕ ಒರಗಿಸಿಟ್ಟಿದ್ದ ಒಂದು ಹಳೆಯ ಟಯರನ್ನು ನಿಲ್ಲಿಸಿ ಇಳಿಜಾರಿನ ಮೇಲ್ಮುಖವಾಗಿ, ರಸ್ತೆಯ ಅಂಚಿನಲ್ಲೇ ಉರುಳಿಸಿಕೊಂಡು ಹೊರಟರು. ನನಗೆ ಸಿಟ್ಟು ಬಂತು. ಅಲ್ಲಿ ಜೀವ ಹೋಗುತ್ತಿದೆ, ಈ ಮುದುಕನಿಗೆ ಟಯರಿನ ಆಟ. ಅವರು ದೂರ, ತಿರುವಿಗೂ ಆಚೆ, ಗಾಡಿಯವರಿಗೆ ಮೊದಲೇ ಕಾಣುವಂತೆ ಅದನ್ನು ಮಲಗಿಸಿ ಬಂದರು. ಎರಡನೆಯದನ್ನು ಅದಕ್ಕಿಂತ ಈಚೆ, ರಸ್ತೆಯ ಒಳಕ್ಕೆ ಸ್ವಲ್ಪ ಸರಿಸಿ ಇಟ್ಟರು. ಮೂರನೆಯದು ಇನ್ನೂ ಈಚೆ. ಮೂರಕ್ಕೂ ಸುಣ್ಣ ಬಳಿದಿತ್ತು. ಗಾಡಿಗಳು ತಾವಾಗಿಯೇ ಓರೆಯಾಗಿ ಬದಿಗೆ ಸರಿಯತೊಡಗಿದವು. ಆಮೇಲೆ ನನ್ನ ಕಡೆ ತಿರುಗಿ, "ಛತ್ರಿ ತಗೊಂಡು ಫುಟ್‌ಪಾತ್ ಮ್ಯಾಲೇ ಅಲ್ಲಿ ಮ್ಯಾಲ ಹೋಗಿ ನಿಲ್ರಿ. ತಗೀರಿ, ಮುಚ್ರಿ. ತಗೀರಿ, ಮುಚ್ರಿ. ಇಳೀಬ್ಯಾಡ್ರಿ ಮತ್ತ" ಅಂದರು. ಆಂಬುಲೆನ್ಸು ಬರುವವರೆಗೆ ನಾನು ಹೈವೇಯ ಬದಿಗೆ ನಿಂತು ಕೊಡೆ ಬಿಚ್ಚುತ್ತ ಮುಚ್ಚುತ್ತ ಇದ್ದೆ. ಗಾಡಿಯವರು ನನ್ನನ್ನು ಹುಚ್ಚನೆಂದು ತಿಳಿದು ನೋಡಲು ನಿಧಾನ ಮಾಡಿದರು. ಕಾಕಾಗೆ ಬೇಕಾಗಿದ್ದೂ ಅಷ್ಟೇ.

ಬೈಕಿನವ ಬದುಕಿದ. ಕಾಲು ಮುರಿದಿತ್ತು, ಅಷ್ಟೇ. ನಾನು ಮಾತ್ರ ಅಂದಿನಿಂದ ದಿನಾ ಕಾಕಾರ ಅಂಗಡಿಯ ಮುಂದೆ ನಿಂತು ಅರ್ಧ ಕಪ್ಪು ಚಹಾ ಕುಡಿಯುವವನಾದೆ. ಅವರು ನನ್ನನ್ನು ಕೊನೆಯವರೆಗೂ 'ಸಾಹೇಬ್ರ' ಎಂದೇ ಕರೆದರು. ಗೌರವ ಎಷ್ಟು, ಗೇಲಿ ಎಷ್ಟು ಎಂದು ನಾನು ವಿಂಗಡಿಸಲು ಹೋಗಲಿಲ್ಲ.

ಚಹಾದಂಗಡಿಯವ ಕುಂದಾಪುರದ ಕಡೆಯವ. ಖಾಲಿಯಾದ ದೊಡ್ಡ ಹಾಲಿನ ಚೀಲಗಳನ್ನು ತೊಳೆದು ತಂತಿಗೆ ಸಿಕ್ಕಿಸಿ ಒಣಗಿಸಿ ಕಾಕಾಗೆ ಕೊಡುವುದು ಅವನ ಪದ್ಧತಿ. ರಕ್ತ ಮುಟ್ಟುವ ಮೊದಲು ಕಾಕಾ ಎರಡೂ ಕೈಗೆ ಒಂದೊಂದು ಹಾಲಿನ ಚೀಲ ತೊಟ್ಟು ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ನೋಡುವವರಿಗೆ ನಗು ಬರುತ್ತಿತ್ತು. ಕೈಮೇಲೆ ಹಾಲಿನ ಕಂಪನಿಯ ಹಸು. ಅವರು ನಗುವವರನ್ನೂ ಬಿಡುತ್ತಿರಲಿಲ್ಲ. ಮೊಬೈಲು ಎತ್ತಿ ಹಿಡಿದವನನ್ನು ಕಂಡರೆ, "ಏ ಭಾಯ್, ಫೋಟೋ ಆಮ್ಯಾಲ. ಮೊದ್ಲ ಆಂಬುಲೆನ್ಸಿಗೆ ಹಚ್ಚು. ನೀನ ಹಚ್ಚು, ಮಂದಿ ಹಚ್ತಾರಂತ ಬಿಡಬ್ಯಾಡ" ಎಂದು ಬೆರಳು ಮಾಡಿ ತೋರಿಸಿ ಹೇಳುವರು. ಅರ್ಧ ಕನ್ನಡ, ಅರ್ಧ ಹಿಂದಿ. ಅವನಿಗೆ ಕನ್ನಡ ತಿಳಿಯದಿದ್ದರೂ ಬೆರಳು ತಿಳಿಯುತ್ತಿತ್ತು. ಗಾಡಿಯ ಚಾವಿ ತಿರುಗಿಸಿ ಆರಿಸುವರು. ಮೂಗೆತ್ತಿ ಪೆಟ್ರೋಲಿನ ವಾಸನೆ ನೋಡುವರು. ಬೀಡಿಯವರನ್ನು ಅಟ್ಟುವರು. ಬಿದ್ದವನ ಹೆಲ್ಮೆಟ್ಟು ಕೀಳಲು ಹೋದವನ ಕೈಗೆ ಪಟ್ಟನೆ ಹೊಡೆಯುವರು. ನೀರು ಕುಡಿಸಲು ಬಂದವರ ಬಾಟಲಿಯನ್ನು ತಾವೇ ಕುಡಿದು ವಾಪಸು ಕೊಡುವರು. ಇಷ್ಟೆಲ್ಲ ಮಾಡುವಾಗ ಕುಳಿತರೂ ನಿಂತರೂ ಅವರ ಮುಖ ಮಾತ್ರ ಬರುವ ಗಾಡಿಗಳ ಕಡೆ. ಬಿದ್ದವನ ಹತ್ತಿರ ಮಾತಾಡುತ್ತಿದ್ದರೂ ಕಣ್ಣು ಅಲ್ಲಿಗೆ. "ಹಾ ಬೇಟಾ, ಏನಾಗಿಲ್ಲ, ಹೆಸರೇನ್ ಹೇಳು" ಅನ್ನುತ್ತ, ತಿರುವಿನಲ್ಲಿ ಲಾರಿಯೊಂದು ವೇಗ ತಗ್ಗಿಸಿತೋ ಇಲ್ಲವೋ ನೋಡುತ್ತಿರುವರು. ಬಿದ್ದವನಿಗೆ ಇದು ತಾತ್ಸಾರದಂತೆ ಕಂಡಿರಲೂ ಸಾಕು.

ಒಂದು ಸಲ ಬಿದ್ದವನ ಅಣ್ಣನೇ ಜೊತೆಗಿದ್ದ. ಕಾಕಾ ಟಯರು ಉರುಳಿಸಿಕೊಂಡು ಹೊರಟಾಗ ಅವನು ಓಡಿಬಂದು, "ಮೇರಾ ಭಾಯಿ ಮರ್ ರಹಾ ಹೈ, ಬುಡ್ಢೇ!" ಎಂದು ಕೆನ್ನೆಗೆ ಒಂದು ಬಿಟ್ಟ. ಕಾಕಾ ಟಯರು ಬಿಡಲಿಲ್ಲ. ಅದನ್ನು ಒಯ್ದು ಇಡಬೇಕಾದಲ್ಲಿ ಇಟ್ಟು, ಎರಡನೆಯದನ್ನೂ ಇಟ್ಟು, ಆಮೇಲೆ ಬಂದು ಅವನ ತಮ್ಮನ ಪಕ್ಕ ಕುಳಿತರು. ಕತೆಯಾಗಿದ್ದರೆ ಆ ಹೊತ್ತಿಗೆ ಸರಿಯಾಗಿ ಒಂದು ಲಾರಿ ಬಂದು ಟಯರು ಕಂಡು ಬ್ರೇಕು ಹಾಕಬೇಕಿತ್ತು, ಅಣ್ಣ ಕಾಲು ಹಿಡಿಯಬೇಕಿತ್ತು. ಹಾಗೇನೂ ಆಗಲಿಲ್ಲ. ಗಾಡಿಗಳು ಬದಿಗೆ ಸರಿದು ತಮ್ಮ ಪಾಡಿಗೆ ಹೋದವು. ಆಂಬುಲೆನ್ಸು ಬಂತು, ಅಣ್ಣ ಹತ್ತಿಕೊಂಡ, ಹೋದ. ಸಂಜೆ ನಾನು, "ಅವಗ ಕಡೀಕ್ಕೂ ತಿಳೀಲಿಲ್ಲ ನೋಡ್ರಿ ಕಾಕಾ" ಅಂದೆ.

ಅವರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದರು. "ಆಗದ ಇದ್ದದ್ದಕ್ಕ ಯಾರ್ ಶಾಬಾಸ್ ಅಂತಾರ್ರಿ ಸಾಹೇಬ್ರ?" ಅಂದರು. ಅಷ್ಟೇ. ಕೆನ್ನೆ ಮಾತ್ರ ಎರಡು ದಿನ ಊದಿಕೊಂಡಿತ್ತು.

ಇದನ್ನೆಲ್ಲ ಯಾರು ಕಲಿಸಿದರು ಎಂದು ಕೇಳಿದ್ದಕ್ಕೂ ಉತ್ತರ ಬಂದದ್ದು ಆ ತೊಟ್ಟಿಯ ಮುಂದೆಯೇ. ಹರೆಯದಲ್ಲಿ ಅವರು ಲಾರಿಯ ಕ್ಲೀನರ್. ಘಟ್ಟದಲ್ಲಿ ಒಂದು ಜೀಪು ಮಗುಚಿದ್ದನ್ನು ನೋಡಿ ಅವರ ಉಸ್ತಾದ್, ಆ ಲಾರಿಯ ಡ್ರೈವರ್, ಗಾಡಿ ನಿಲ್ಲಿಸಿ ಇಳಿದು ಓಡಿದ. "ಎತ್ತಾಕ ಹ್ವಾದ. ಹಿಂದ್ ಬಂದ ಗಾಡಿ ನೋಡಲಿಲ್ಲ. ಜೀಪಿನ್ಯಾಗಿದ್ದವ್ರು ಎಲ್ಲಾರೂ ಉಳದ್ರು." ಗುಳ್ಳೆ ಎದ್ದ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದು, "ಇಲ್ಲೈತಿ ನೋಡ್ರಿ" ಅಂದರು. ಟ್ಯೂಬಿನ ತೂತಿಗೆ ಹೇಳಿದ್ದು.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಹೆಂಡತಿ ಹೇಳಿದ ಮಾತು ನನ್ನನ್ನು ಬಹಳ ದಿನ ಕುಟುಕಿತು. "ನಿಮಗೂ ಆ ಕಾಕಾಗೂ ಒಂದ ಜಡ್ಡು. ಏನಾಗ್ತದೋ ಏನಾಗ್ತದೋ ಅನ್ನೋದು. ಆದ್ರ ಅವರು ಅದಕ್ಕೊಂದು ಟಯರ್ ಇಡ್ತಾರ. ನೀವು ಕುಂತು ಉಗುರು ಕಡೀತೀರಿ."

ಅಂಥ ಮನುಷ್ಯ ತಮ್ಮ ಸ್ವಂತ ಕಸುಬಿನಲ್ಲಿ ಮಾತ್ರ ಅಜಾಗರೂಕ. ಲಾರಿ ಟಯರಿಗೆ ಗಾಳಿ ತುಂಬುವಾಗ ದೂರ ನಿಂತು, ಉದ್ದನೆಯ ಪೈಪಿನಿಂದ ತುಂಬಬೇಕು. ಅವರು ಅದರ ಮೇಲೆಯೇ ಬಾಗಿ, ಕಿವಿಗೊಟ್ಟು ಗಾಳಿ ಸೋರುವ ಸದ್ದು ಕೇಳುತ್ತಿದ್ದರು. ನಾನು ಹೇಳದ ದಿನವಿಲ್ಲ. "ನಲವತ್ತು ವರ್ಷ ಆತು ಸಾಹೇಬ್ರ, ಟಯರ್ ನನ್ನ ಮಾತು ಕೇಳ್ತೈತಿ" ಅನ್ನುವರು. ಒಂದು ಮಧ್ಯಾಹ್ನ ಅದು ಕೇಳಲಿಲ್ಲ. ಸದ್ದು ನಮ್ಮ ಕಾರ್ಖಾನೆಯವರೆಗೂ ಬಂತು. ನಾನು ಓಡಿಹೋಗಿ ನೋಡಿದರೆ ಕಾಕಾ ಅಂಗಡಿಯ ಮುಂದೆ ಕುಳಿತು ಎರಡೂ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಬೆರಳು ಹತ್ತೂ ಇದ್ದವು. ಬಲಗಿವಿಯಿಂದ ಒಂದು ಎಳೆ ರಕ್ತ ಇಳಿದಿತ್ತು. "ಏನಾಗಿಲ್ಲ, ಏನಾಗಿಲ್ಲ" ಎಂದು ಜೋರಾಗಿ ಕೂಗಿ ಹೇಳಿದರು. ನಾನು ಅವರ ಎದುರಿಗೇ ಇದ್ದೆ.

ಕಿವಿ ವಾಸಿಯಾಯಿತು ಎಂದು ಅವರೇ ಸಾರಿದರು. ಎಲ್ಲರೂ ನಂಬಿದರು. ನನಗೆ ನಂಬುವ ಅಭ್ಯಾಸವಿಲ್ಲ. ಮೊದಲು ನಾನು ಗಮನಿಸಿದ್ದು ಸ್ಟೂಲನ್ನು. ಅಷ್ಟು ವರ್ಷ ಅದು ರಸ್ತೆಗೆ ಮುಖ ಮಾಡಿರುತ್ತಿತ್ತು. ಗಾಡಿಗಳು ಅವರ ಬಲಕ್ಕೆ ಬರುತ್ತಿದ್ದವು. ಈಗ ಅದು ತಿರುಗಿ, ಅಂಗಡಿಗೆ ಮುಖ ಮಾಡಿ, ರಸ್ತೆಗೆ ಬೆನ್ನು ಹಾಕಿತ್ತು. ಗಾಡಿಗಳು ಎಡಕ್ಕೆ ಬಂದವು. ರಸ್ತೆಗೆ ಬೆನ್ನು ಹಾಕಿ ಕುಳಿತ ಕಾಕಾರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಆಮೇಲೆ ಟೋಪಿಯ ಪ್ರಸಂಗ. ಸ್ಕೂಟರಿನಿಂದ ಬಿದ್ದಿದ್ದ ಹೆಂಗಸೊಬ್ಬಳನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಕಾಕಾ ಅದರ ಹಿಂಬಾಗಿಲ ಕಡೆ ನಿಂತು ಕೈಮಾಡುತ್ತಿದ್ದರು. ಸಿಟಿ ಬಸ್ಸೊಂದು ಒಂದೇ ಸಮನೆ ಹಾರ್ನು ಬಾರಿಸುತ್ತ ಟಯರುಗಳ ಪಕ್ಕಕ್ಕೆ ನುಗ್ಗಿ ಬಂತು. ನಾವೆಲ್ಲ ಹಿಂದಕ್ಕೆ ಸರಿದೆವು. ಕಾಕಾ ಒಂದು ಹೆಜ್ಜೆ ರಸ್ತೆಯ ಕಡೆಗೇ ಇಟ್ಟರು. ಬಸ್ಸಿನ ಕನ್ನಡಿ ಅವರ ತಲೆಯ ಮೇಲಿನ ಟೋಪಿಯನ್ನು ಹಾರಿಸಿಕೊಂಡು ಹೋಯಿತು. ಚಹಾದಂಗಡಿಯವ ನನ್ನ ತೋಳು ಹಿಡಿದು, "ಎಂತ ಧೈರ್ಯ ಮಾರಾಯ್ರೆ! ಬಸ್ಸಿಗೂ ಜಗ್ಗುದಿಲ್ಲ ಈ ಜನ" ಅಂದ. ಸುತ್ತಲಿದ್ದವರಲ್ಲಿ ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ನಾನು ಕಾಕಾರ ಮುಖ ನೋಡುತ್ತಿದ್ದೆ. ಅವರು ಬಗ್ಗಿ ಟೋಪಿ ಎತ್ತಿಕೊಂಡು, ಇಷ್ಟು ಗಾಳಿ ಎಲ್ಲಿಂದ ಬಂತು ಎಂಬಂತೆ ಆಕಾಶ ನೋಡಿದರು.

ಆ ದಿನದಿಂದ ನನ್ನ ನಿದ್ದೆ ಹೋಯಿತು. ಹಾಗೆ ನೋಡಿದರೆ ಅದು ಮೊದಲೂ ಹೇಳಿಕೊಳ್ಳುವಂಥದ್ದಾಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅವರ ಬಲಗಡೆ ನಿಂತು, ಮಾಮೂಲು ದನಿಯಲ್ಲಿ, "ಕಾಕಾ, ನಿಮ್ಮ ಅಂಗಡಿಗೆ ಬೆಂಕಿ ಹತ್ಯದ" ಅಂದೆ. ಅವರು ಟ್ಯೂಬಿಗೆ ಅರ ತಿಕ್ಕುತ್ತ ಇದ್ದರು. ಇನ್ನೊಮ್ಮೆ ಅಂದೆ. ಅರ ನಿಲ್ಲಲಿಲ್ಲ. ಎಡಕ್ಕೆ ಹೋಗಿ ಮೂರನೆಯ ಸಲ ಅಂದಾಗ ಅವರು ಧಡಕ್ಕನೆ ಎದ್ದು ಹಿಂದೆ ನೋಡಿ, ಬೆಂಕಿ ಕಾಣದೆ, ನನ್ನ ಮುಖ ನೋಡಿದರು. ಅವರಿಗೆ ಎಲ್ಲವೂ ತಿಳಿಯಿತು.

"ಟೆಸ್ಟ್ ಮಾಡಾಕತ್ತೀರಿ?" ಅಂದರು. ಅರವನ್ನು ಡಬ್ಬಿಗೆ ಎಸೆದರು.

"ಡಾಕ್ಟರಿಗೆ ತೋರ್ಸೋಣ ಕಾಕಾ. ಕಿವೀಗೆ ಹಾಕೋ ಮಶೀನು ಸಿಗ್ತದ..."

"ತೋರ್ಸೇನಿ. ಹಾಕಿ ನೋಡೇನಿ." ಅವರ ದನಿ ಇಳಿಯಿತು. "ಗದ್ದಲ ಕೇಳ್ತೈತ್ರಿ. ಯಾವ ಕಡಿಂದ ಅಂತ ತಿಳೀವಲ್ದು. ಹಾರ್ನ್ ಆದ್ರ ಹಿಂದಿಂದೋ ಮುಂದಿಂದೋ... ಎಲ್ಲಾ ಒಂದ ಕಡೆ. ಈ ಕಿವ್ಯಾಗ."

"ಮತ್ತ ರಸ್ತೇಕ್ಕ ಯಾಕ ಇಳೀತೀರಿ?"

"ಯಾರ್ ಇಳೀಬೇಕು? ನೀವ್ ಇಳೀತೀರಿ?" ಅಂದರು. ನನ್ನ ಬೆರಳು ತಾನಾಗಿಯೇ ಬಾಯಿಗೆ ಹೋಯಿತು. ಅದಕ್ಕೆ ಅವರಿಗೆ ಇನ್ನೂ ಸಿಟ್ಟು ಬಂತು. "ಪಂಕ್ಚರ್ ಯಾರರ ಹಚ್ತಾರ್ರಿ. ಅದಕ್ಕ ನಾ ಬೇಕಂತಿಲ್ಲ. ಇದೊಂದಕ್ಕ ಮಂದಿ ಚಾಚಾ ಚಾಚಾ ಅಂತ ನನ್ನ ಕರೀತಾರ. ಮನ್ಯಾಗ ಕುಂತು ಏನ್ ಮಾಡ್ಲಿ, ಉಗುರು ಕಡೀಲೇನು?"

ಹೆಂಡತಿಯ ಮಾತನ್ನು ನಾನೇ ಅವರಿಗೆ ಹೇಳಿ ನಗಿಸಿದ್ದೆ. ಈಗ ಅದು ಹೀಗೆ ಬಂತು. ನಾನೂ ಬಿಡಲಿಲ್ಲ. "ಒಬ್ಬಾಂವ ಬಿದ್ದಾನ, ನೀವು ಹೋಗಿ ಇಬ್ಬರ ಮಾಡ್ತೀರಿ ಅಂತ ನನಗ ಅಂದವ್ರು ಯಾರು?" ಅಂದೆ. ಅವರು ಸ್ಟೂಲಿನ ಮೇಲೆ ಕುಳಿತು ಬೆನ್ನು ತಿರುಗಿಸಿದರು. ಅದೂ ಸರಿಯಾಗಿ ಬಲಗಿವಿ ನನ್ನ ಕಡೆ ಬರುವ ಹಾಗೆ. ಇನ್ನು ಮಾತಾಡಿ ಉಪಯೋಗವಿರಲಿಲ್ಲ.

ಮೂರು ವಾರ ಮಾತಿಲ್ಲ. ನಾನು ಹೋಗುವಾಗ ಬರುವಾಗ ಅವರು ತೊಟ್ಟಿಯ ನೀರು ನೋಡುವರು. ನಾನು ಮಾತ್ರ ಒಂದು ಲೋಕಲ್ ಮುಂಚೆ ಬರತೊಡಗಿದೆ. ಕಾರ್ಖಾನೆಯಲ್ಲಿ ಎಲ್ಲಾದರೂ ಬ್ರೇಕಿನ ಸದ್ದು ಕೇಳಿದರೆ ಕೆಲಸ ಬಿಟ್ಟು ಗೇಟಿಗೆ ಓಡುವುದು, ಏನೂ ಇಲ್ಲವೆಂದು ತಿಳಿದು ವಾಪಸು ಬರುವುದು. ಮಾಲೀಕರು, "ಹೊಟ್ಟೆ ಸರಿ ಇಲ್ಲವೇ?" ಎಂದು ವಿಚಾರಿಸಿದರು. ಇದ್ದದ್ದನ್ನು ಹೇಳುವುದಕ್ಕಿಂತ ಅದೇ ವಾಸಿಯೆಂದು ಹೌದೆಂದೆ. ಚಹಾದಂಗಡಿಯವನಿಗಾದರೂ ಹೇಳಿಬಿಡೋಣವೆಂದು ಒಂದು ಸಲ ಬಾಯಿ ತೆರೆದಿದ್ದೆ. ಆದರೆ ಹೇಳಿದರೆ ಆ ರಸ್ತೆಗೆಲ್ಲ ಸುದ್ದಿಯಾಗುತ್ತದೆ. ಇನ್ನು ಯಾರೂ 'ಕಾಕಾ, ಚಾಚಾ' ಎಂದು ಕರೆದು ಓಡಿಬರುವುದಿಲ್ಲ. ಹೇಳದಿದ್ದರೆ ಒಂದು ದಿನ ಗಾಡಿ ಬರುತ್ತದೆ. ಜೀವ ಉಳಿಸಲು ಹೋದರೆ ಮಾನ ಹೋಗುತ್ತದೆ, ಮಾನ ಉಳಿಸಲು ಹೋದರೆ ಜೀವ. ಮತ್ತೆ ಬಾಯಿ ಮುಚ್ಚಿ ಅರ್ಧ ಕಪ್ಪಿನ ಬದಲು ಪೂರ್ತಿ ಕಪ್ಪು ಚಹಾ ಕುಡಿದು ಬಂದೆ.

ಆಮೇಲೆ ಆ ಸೋಮವಾರ ಬಂತು. ಮಳೆ ಆಗಷ್ಟೇ ನಿಂತಿತ್ತು. ನಾನು ತಿರುವಿಗೆ ಬರುವಷ್ಟರಲ್ಲಿ ರಿಕ್ಷಾ ಒಂದು ಮಗುಚಿ ಬಿದ್ದಿತ್ತು. ಒಳಗೆ ಒಬ್ಬ ಹೆಂಗಸು ಚೀರುತ್ತಿದ್ದಳು. ಡ್ರೈವರನ ಕಾಲು ಅಡಿಗೆ ಸಿಕ್ಕಿತ್ತು. ಬಸ್ ಸ್ಟಾಪಿನಲ್ಲಿದ್ದವರೆಲ್ಲ ಫುಟ್‌ಪಾತಿನ ಅಂಚಿಗೆ ಬಂದು, "ಚಾಚಾ! ಚಾಚಾ ಕೋ ಬುಲಾವೋ" ಎನ್ನುತ್ತಿದ್ದರು. ಕರೆಯುವುದೇ ಬೇಕಿರಲಿಲ್ಲ. ಕಾಕಾ ಟಯರು ಉರುಳಿಸಿಕೊಂಡು ಬರುತ್ತಿದ್ದರು. ಒಂದು ಕಾಲು ಆಗಲೇ ರಸ್ತೆಯ ಮೇಲಿತ್ತು.

ಮೂರು ವಾರದಿಂದ ನಾನು ಲೋಕಲಿನಲ್ಲಿ ನಿಂತು ಈ ಹೊತ್ತಿಗೆಂದು ಎಷ್ಟೋ ಮಾತು ಜೋಡಿಸಿಟ್ಟಿದ್ದೆ. ಒಂದೂ ಬರಲಿಲ್ಲ. ಎದುರಿಗೆ ಹೋಗಿ ಟಯರಿಗೆ ಕೈ ಹಾಕಿದೆ. ಅವರು ಬಿಡಲಿಲ್ಲ. ನಾನೂ ಬಿಡಲಿಲ್ಲ. ಬಿಳಿ ಸುಣ್ಣ ಬಳಿದ ಒಂದು ಹಳೆಯ ಟಯರನ್ನು ಹಿಡಿದು ಇಬ್ಬರು ನರೆತ ತಲೆಯವರು ಮಕ್ಕಳ ಹಾಗೆ ಜಗ್ಗಾಡುತ್ತಿದ್ದೆವು. ಯಾರೋ, "ಅರೇ, ಯೇ ದೋನೋಂ ಕ್ಯಾ ಕರ್ ರಹೇ ಹೈಂ" ಅಂದರು. ಕಾಕಾ ಒಮ್ಮೆ ತಿರುವಿನ ಕಡೆ ನೋಡಿದರು. ಇಳಿಜಾರಿನಲ್ಲಿ ನಾಲ್ಕೈದು ಗಾಡಿಗಳು, ಎಲ್ಲವೂ ಹಾರ್ನು ಬಾರಿಸುತ್ತ ಬರುತ್ತಿದ್ದವು. ಅವರು ತಲೆಯನ್ನು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿಸಿದರು. ಯಾವ ಹಾರ್ನು ಯಾವ ಗಾಡಿಯದೆಂದು ಹುಡುಕುತ್ತಿದ್ದರು. ಸಿಗಲಿಲ್ಲ. ಅದನ್ನು ನಾನು ಒಂದು ಮೊಳ ದೂರದಿಂದ ಕಂಡೆ.

ಟಯರು ನನ್ನ ಕೈಗೆ ಬಂತು. ಕಾಕಾ ರಸ್ತೆಯಿಂದ ಕಾಲು ತೆಗೆದು, ಫುಟ್‌ಪಾತಿನ ಅಂಚಿನ ಕಲ್ಲಿನ ಮೇಲೆ ಕುಳಿತುಬಿಟ್ಟರು.

ಇನ್ನು ನಾನು ಮಾಡಿದ ಕೆಲಸದ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ಟಯರು ಉರುಳಿಸುವುದು ನೋಡಲು ಸುಲಭ. ಮೊದಲನೆಯದು ಅರ್ಧ ದಾರಿಯಲ್ಲಿ ನನ್ನ ಕೈತಪ್ಪಿ ಇಳಿಜಾರಿನಲ್ಲಿ ವಾಪಸು ಓಡಿ, ಚಹಾದಂಗಡಿಯ ಬೆಂಚಿಗೆ ಬಡಿದು ಬಿತ್ತು. ಬೆಂಚಿನಲ್ಲಿ ಕುಳಿತಿದ್ದವರು ಕಪ್ಪು ಹಿಡಿದುಕೊಂಡೇ ಎದ್ದು ಓಡಿದರು. ಜನ ನಕ್ಕರು. ಗಾಡಿಯಡಿ ಮನುಷ್ಯ ಸಿಕ್ಕಿಬಿದ್ದಿರುವಾಗಲೂ ನಗು ಬಂದರೆ ಜನ ನಗುತ್ತಾರೆ. ಎರಡನೆಯ ಸಲ ಎದೆಗವಚಿಕೊಂಡು ಹೊತ್ತೊಯ್ದೆ. ಅಂಗಿಯೆಲ್ಲ ಸುಣ್ಣ. ಹಾಲಿನ ಚೀಲ ತೊಡಲು ಹೋದರೆ ಒಂದು ಹರಿಯಿತು. ಆದರೂ ಚಾವಿ ಆರಿಸಿದೆ. ಗ್ಯಾಸಿನ ವಾಸನೆ ನೋಡಿದೆ. ಒಬ್ಬನಿಗೆ ಬೆರಳು ಮಾಡಿ ಆಂಬುಲೆನ್ಸಿಗೆ ಹಚ್ಚಲು ಹೇಳಿದೆ. ರಿಕ್ಷಾವನ್ನು ಹಾಗೇ ದರದರ ಎಳೆಯಲು ಬಂದವರನ್ನು ತಡೆದು, ಎಂಟು ಜನ ಒಟ್ಟಿಗೆ ಮೇಲಕ್ಕೆತ್ತುವವರೆಗೆ ಡ್ರೈವರನ ಭುಜ ಹಿಡಿದು ಕುಳಿತೆ. ಈ ಇಡೀ ಹೊತ್ತು, ಎರಡು ಕ್ಷಣಕ್ಕೊಮ್ಮೆ, ನಾನು ಕಾಕಾರ ಕಡೆ ನೋಡುತ್ತಿದ್ದೆ. ಅವರು ಒಂದು ಸಲವೂ ನನ್ನನ್ನು ನೋಡಲಿಲ್ಲ. ನನ್ನ ಬೆನ್ನಿನ ಹಿಂದೆ, ತಿರುವಿನ ಕಡೆ ನೋಡುತ್ತಿದ್ದರು. ದೊಡ್ಡ ಗಾಡಿ ಬಂದರೆ ಮೊಣಕಾಲ ಮೇಲಿನ ಕೈ ಒಂದಿಷ್ಟು ಏಳುವುದು. ನಾನು ಒಳಕ್ಕೆ ಸರಿಯುವೆ. ಗಾಡಿ ಹೋದ ಮೇಲೆ ಕೈ ಇಳಿಯುವುದು.

ಆಂಬುಲೆನ್ಸು ಇಬ್ಬರನ್ನೂ ಒಯ್ದಿತು. ಇಬ್ಬರಿಗೂ ಮಾತಾಡುವಷ್ಟು ಎಚ್ಚರವಿತ್ತು. ನಾನು ಬಂದು ಕಾಕಾರ ಪಕ್ಕ ಕಲ್ಲಿನ ಮೇಲೆ ಕುಳಿತು, ನನಗೇ ಗೊತ್ತಾಗದಂತೆ ಏನೇನೋ ಒದರುತ್ತಿದ್ದೆ: ಡ್ರೈವರನ ಪಾದ ಬೆಚ್ಚಗಿತ್ತು, ಬೆರಳು ಅಲ್ಲಾಡಿಸಿದ, ಹೆಂಗಸಿನ ಹಣೆಗೆ ಬರೀ ಗೀರು. ಕಾಕಾ ಏನೂ ಅನ್ನಲಿಲ್ಲ. ನಾನು ಕುಳಿತದ್ದು ಅವರ ಬಲಕ್ಕೆ ಎಂದು ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು.

ಅವರು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ಆಮೇಲೆ ತೀರ ಮೆಲ್ಲನೆ, ಯಾರನ್ನೋ ಕೇಳುವ ಹಾಗೆ, "ಸಾಹೇಬ್ರ, ನಾ ಇಲ್ಲಿ ಕುಂತದ್ದು ಯಾರರ ನೋಡಿದ್ರೇನ್ರಿ?" ಅಂದರು.

ಇಡೀ ಬಸ್ ಸ್ಟಾಪು ನೋಡಿತ್ತು. ಚಹಾದಂಗಡಿಯವ ಈಗಲೂ ನೋಡುತ್ತಿದ್ದ. ನಾನು ಆ ಕಡೆ ತಿರುಗಿದ್ದೇ ತಡ, ಪಾತ್ರೆ ತೊಳೆಯುವವನಂತೆ ಬಗ್ಗಿದ.

ನಾನು ಎದ್ದೆ. ಸುತ್ತುಹಾಕಿ ಅವರ ಎಡಕ್ಕೆ ಬಂದು ಕುಳಿತೆ.

"ಯಾರೂ ನೋಡಿಲ್ಲ ಕಾಕಾ. ಎಲ್ಲಾರೂ ನನ್ನ ನೋಡಿ ನಗಾಕತ್ತಿದ್ರು. ನಿಮ್ಮನ್ನ ಯಾರ್ ನೋಡ್ತಾರ್ರಿ?"

ಕಾಕಾ ನನ್ನ ಅಂಗಿಯ ಮೇಲಿನ ಸುಣ್ಣವನ್ನೂ, ಒಂದು ಕೈಯಲ್ಲಿ ಇನ್ನೂ ನೇತಾಡುತ್ತಿದ್ದ ಹರಿದ ಹಾಲಿನ ಚೀಲವನ್ನೂ ನಿಧಾನವಾಗಿ ನೋಡಿದರು.

"ಹೌದ್ರಿ," ಅಂದರು. "ನಗೂ ಹಂಗನ ಇತ್ರಿ ನಿಮ್ಮ ಅವತಾರ."